ಕೆಟ್ಟುಹೋದ ಶಾರ್ಕ್, ಮೂರಡಿಯ ಹಡಗು: 'ಜಾಸ್' ಮೇಲೋ, 'ಸ್ಟಾರ್ ವಾರ್ಸ್' ಮೇಲೋ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ವಾದ ಬಗೆಹರಿಯುತ್ತಲೇ ಇಲ್ಲ. ನನಗೆ 'ಜಾಸ್' ಇಷ್ಟ, ಕಾಲೇಜಿಗೆ ಹೋಗುವ ಮಗಳಿಗೆ 'ಸ್ಟಾರ್ ವಾರ್ಸ್'. ಎರಡೂ ಎಪ್ಪತ್ತರ ದಶಕದ ಅಮೆರಿಕನ್ ಸಿನಿಮಾಗಳು, ಎರಡೂ ದುಡ್ಡು ಬಾಚಿದವು. ಇವೆರಡೂ ಸೇರಿ ಹಾಲಿವುಡ್‌ನ ಗಂಭೀರ ಸಿನಿಮಾವನ್ನು ಮುಗಿಸಿಬಿಟ್ಟವು ಅಂತಲೂ ಎಲ್ಲೋ ಓದಿದೆ. ಇವನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದಾ? ಯಾವುದು ಮೇಲು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಿಮಗೆ. ಆದರೆ ಮಗಳ ಮುಂದೆ ಈಗಲೇ ಬೀಗಬೇಡಿ. ಅವಳ ಕಡೆಗೂ ಗಟ್ಟಿ ಕಾರಣಗಳಿವೆ.

ಈ ಎರಡು ಸಿನಿಮಾಗಳನ್ನು ಅವಳಿ ಮಕ್ಕಳ ಹಾಗೆ ಒಟ್ಟಿಗೆ ಕರೆಯುವುದು ರೂಢಿಯಾಗಿದೆ. ಜಾಸ್ ಬಂದಿದ್ದು 1975ರ ಜೂನ್ 20ರಂದು. ಸ್ಟಾರ್ ವಾರ್ಸ್ 1977ರ ಮೇ 25ರಂದು. ನಡುವೆ ಎರಡು ವರ್ಷವೂ ಇಲ್ಲ. ಜಾಸ್ ನಿರ್ದೇಶಿಸಿದ ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಸ್ಟಾರ್ ವಾರ್ಸ್ ನಿರ್ದೇಶಿಸಿದ ಜಾರ್ಜ್ ಲ್ಯೂಕಸ್ ಗೆಳೆಯರು, ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಎರಡಕ್ಕೂ ಸಂಗೀತ ಕೊಟ್ಟಿದ್ದು ಒಬ್ಬರೇ, ಜಾನ್ ವಿಲಿಯಮ್ಸ್. ಇಷ್ಟೆಲ್ಲ ಹೊಂದಿಕೆ ಇರುವಾಗ ಅವಳಿ ಅನ್ನುವುದು ಸಹಜ ತಾನೇ. ಆದರೆ ಇವೆರಡೂ ತಯಾರಾದ ಬಗೆ ನೋಡಿದರೆ ಒಂದಕ್ಕೊಂದು ಪೂರ್ತಿ ಉಲ್ಟಾ. ಜಾಸ್‌ಗೆ ಬಲ ಬಂದಿದ್ದು ತೋರಿಸಲು ಆಗದೇ ಹೋದದ್ದರಿಂದ. ಸ್ಟಾರ್ ವಾರ್ಸ್‌ಗೆ ಬಲ ಬಂದಿದ್ದು ಅಲ್ಲಿಯವರೆಗೆ ಯಾರೂ ತೋರಿಸದೇ ಇದ್ದದ್ದನ್ನು ತೋರಿಸಿದ್ದರಿಂದ. ನಿಮ್ಮ ಮನೆಯ ಜಗಳದ ಬುಡ ಇಲ್ಲೇ ಇದೆ ಅನ್ನಿಸುತ್ತದೆ.

ಮೊದಲು ಜಾಸ್. ಪೀಟರ್ ಬೆಂಚ್ಲಿ ಬರೆದ ಕಾದಂಬರಿ 1974ರಲ್ಲಿ ಬಂತು. ಆಮಿಟಿ ಎಂಬ ಕಲ್ಪಿತ ದ್ವೀಪದ ಕಡಲತೀರಕ್ಕೆ ದೊಡ್ಡ ಬಿಳಿ ಶಾರ್ಕ್ ಬಂದು ಜನರನ್ನು ತಿನ್ನುವ ಕಥೆ. ಸಿನಿಮಾ ಮಾಡಲು ಹೊರಟಾಗ ಸ್ಪೀಲ್‌ಬರ್ಗ್‌ಗೆ ಬರೀ 27 ವರ್ಷ. ಸ್ಟುಡಿಯೋದ ನೀರಿನ ತೊಟ್ಟಿ ಬೇಡ, ನಿಜವಾದ ಸಮುದ್ರದಲ್ಲೇ ಶೂಟ್ ಮಾಡುತ್ತೇನೆ ಅಂತ ಹಟ ಹಿಡಿದು ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪಕ್ಕೆ ಹೋದರು. ಹಟಕ್ಕೆ ತಕ್ಕ ಬೆಲೆಯನ್ನೂ ತೆತ್ತರು. 55 ದಿನಕ್ಕೆ ಮುಗಿಯಬೇಕಿದ್ದ ಶೂಟಿಂಗ್ 159 ದಿನ ಎಳೆಯಿತು. ಸುಮಾರು 40 ಲಕ್ಷ ಡಾಲರ್ ಅಂದುಕೊಂಡಿದ್ದ ಖರ್ಚು 90 ಲಕ್ಷ ಮುಟ್ಟಿತು. ದೋಣಿಯೊಂದು ಕ್ಯಾಮೆರಾಗಳ ಸಮೇತ ಮುಳುಗಿಯೂ ಹೋಯಿತು.

ಎಲ್ಲಕ್ಕಿಂತ ದೊಡ್ಡ ತಲೆನೋವು ಯಂತ್ರದ ಶಾರ್ಕ್. ಬಾಬ್ ಮ್ಯಾಟಿ ಎಂಬ ಹಳೆಯ ಕೈ ಅದನ್ನು ಕಟ್ಟಿದ್ದರು. ಮೂರು ಮಾಡಿದ್ದರು. ಸ್ಪೀಲ್‌ಬರ್ಗ್ ತಮ್ಮ ವಕೀಲರ ಹೆಸರನ್ನೇ ಅದಕ್ಕಿಟ್ಟು ಬ್ರೂಸ್ ಅಂತ ಕರೆಯುತ್ತಿದ್ದರು. ವಕೀಲರಿಗೆ ಶಾರ್ಕ್ ಹೆಸರು ಇಡುವವರು ಎಲ್ಲ ಕಡೆ ಇದ್ದಾರೆ, ಇವರು ಶಾರ್ಕ್‌ಗೆ ವಕೀಲರ ಹೆಸರಿಟ್ಟರು. ಆದರೆ ಬ್ರೂಸ್‌ನನ್ನು ಉಪ್ಪುನೀರಿನಲ್ಲಿ ಮೊದಲೇ ಪರೀಕ್ಷೆ ಮಾಡಿ ನೋಡಿರಲಿಲ್ಲ. ಸಮುದ್ರಕ್ಕೆ ಇಳಿಸಿದರೆ ಒಂದು ದಿನ ತಳ ಸೇರುತ್ತಿತ್ತು, ಇನ್ನೊಂದು ದಿನ ಒಳಗಿನ ಯಂತ್ರ ಕೈಕೊಡುತ್ತಿತ್ತು. ಕೆಲಸಗಾರರು ಸಿನಿಮಾದ ಹೆಸರನ್ನೇ ತಿರುಚಿ 'ಫ್ಲಾಸ್', ಅಂದರೆ ಬರೀ ದೋಷ, ಅಂತ ಆಡಿಕೊಳ್ಳುತ್ತಿದ್ದರು.

ಶಾರ್ಕ್ ಇಲ್ಲದೆ ಶಾರ್ಕ್ ಸಿನಿಮಾ ತೆಗೆಯುವುದು ಹೇಗೆ? ಇಲ್ಲಿಂದ ಮುಂದೆ ಸ್ಪೀಲ್‌ಬರ್ಗ್ ಮಾಡಿದ್ದನ್ನು ನಾನು ಪಾಠ ಮಾಡುವಾಗ ಪ್ರತಿ ವರ್ಷ ತೋರಿಸುತ್ತೇನೆ. ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿದರು. ನೋಡುವವರ ಗದ್ದಕ್ಕೇ ಅಲೆ ಬಡಿದ ಹಾಗೆ ಅನ್ನಿಸುತ್ತದೆ, ಕೆಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಹಳದಿ ಡ್ರಮ್‌ಗಳನ್ನು ಶಾರ್ಕ್‌ಗೆ ಕಟ್ಟಿಬಿಟ್ಟರು. ಆಮೇಲೆ ಶಾರ್ಕ್ ಬೇಕೇ ಇಲ್ಲ, ನೀರಿನ ಮೇಲೆ ಡ್ರಮ್ ಓಡಿದರೆ ಸಾಕು, ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಒಂದು ಕಡೆ ಇಬ್ಬರು ರಾತ್ರಿ ಹೊತ್ತು ದೋಣಿಕಟ್ಟೆಗೆ ಸರಪಳಿ ಕಟ್ಟಿ ಮಾಂಸದ ಗಾಳ ಹಾಕುತ್ತಾರೆ. ಶಾರ್ಕ್ ಕಟ್ಟೆಯನ್ನೇ ಕಿತ್ತುಕೊಂಡು ಹೋಗುತ್ತದೆ. ಒಬ್ಬ ನೀರಿಗೆ ಬೀಳುತ್ತಾನೆ. ದೂರ ಹೋಗುತ್ತಿದ್ದ ಮರದ ತುಂಡು ನಿಧಾನಕ್ಕೆ ಅವನ ಕಡೆ ತಿರುಗುತ್ತದೆ. ಅಷ್ಟೇ. ಮರದ ತುಂಡು ತಿರುಗಿದ್ದಕ್ಕೆ ಹೆದರಿದ್ದೇವಲ್ಲ ಅಂತ ಆಮೇಲೆ ನಗು ಬರಬೇಕು, ಆದರೆ ಆ ಹೊತ್ತಿನಲ್ಲಿ ಬರುವುದಿಲ್ಲ.

ಶುರುವಿನ ದೃಶ್ಯವನ್ನೇ ನೋಡಿ. ರಾತ್ರಿ ಒಬ್ಬಳೇ ಈಜಲು ಹೋದ ಹುಡುಗಿ. ಶಾರ್ಕ್‌ನ ಒಂದು ರೆಕ್ಕೆಯೂ ಕಾಣುವುದಿಲ್ಲ. ನಟಿಯ ಸೊಂಟಕ್ಕೆ ಪಟ್ಟಿ ಕಟ್ಟಿ ದಡದಿಂದ ಹಗ್ಗದಲ್ಲಿ ಆ ಕಡೆ ಈ ಕಡೆ ಎಳೆದಿದ್ದಾರೆ. ನಮಗೆ ಕಾಣುವುದು ಅವಳ ಮುಖ, ಅವಳು ಚಲಿಸುವ ವೇಗ. ಆ ವೇಗ ಮನುಷ್ಯರದ್ದಲ್ಲ. ಶಾರ್ಕ್ ಕಣ್ತುಂಬ ಕಾಣುವುದು ಸುಮಾರು 80 ನಿಮಿಷ ಕಳೆದ ಮೇಲೆ. ಯಂತ್ರ ಸರಿಯಾಗಿ ಕೆಲಸ ಮಾಡಿದ್ದರೆ ಇನ್ನೂ ಬೇಗ, ಇನ್ನೂ ಜಾಸ್ತಿ ತೋರಿಸುತ್ತಿದ್ದೆ ಅಂತ ಸ್ಪೀಲ್‌ಬರ್ಗ್ ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಹಾಗಾಗಿದ್ದರೆ ಇವತ್ತು ನೀವು ನನಗೆ ಈ ಪ್ರಶ್ನೆ ಕೇಳುತ್ತಿರಲಿಲ್ಲ.

ಎಲ್ಲವನ್ನೂ ಅದೃಷ್ಟದ ಲೆಕ್ಕಕ್ಕೆ ಬರೆಯುವುದು ಮಾತ್ರ ತಪ್ಪು. ಸಂಕಲನ ಮಾಡಿದ ವರ್ನಾ ಫೀಲ್ಡ್ಸ್ ಇಲ್ಲಿ ದೊಡ್ಡ ಪಾಲುದಾರರು. ಯಂತ್ರದ ಶಾರ್ಕ್ ಒಂದು ಕ್ಷಣ ಜಾಸ್ತಿ ಕಂಡರೂ ರಬ್ಬರ್ ಅಂತ ಗೊತ್ತಾಗಿಬಿಡುತ್ತದೆ. ಎಲ್ಲಿ ಕತ್ತರಿ ಹಾಕಬೇಕು ಅಂತ ಅವರಿಗೆ ಗೊತ್ತಿತ್ತು. ಅವರಿಗೆ ಆಸ್ಕರ್ ಬಂದಿದ್ದು ಸುಮ್ನೆ ಅಲ್ಲ. ಮುಳುಗಿದ ದೋಣಿಯ ತೂತಿನಿಂದ ಹೆಣದ ತಲೆ ಹೊರಗೆ ಬರುತ್ತದಲ್ಲ, ಆ ಶಾಟ್ ತೆಗೆದಿದ್ದು ಸಮುದ್ರದಲ್ಲಲ್ಲ, ಇವರ ಮನೆಯ ಈಜುಕೊಳದಲ್ಲಿ. ಪರೀಕ್ಷಾ ಪ್ರದರ್ಶನಕ್ಕೆ ಬಂದ ಜನ ಚೀರಿದ್ದು ಕೇಳಿ ಸ್ಪೀಲ್‌ಬರ್ಗ್‌ಗೆ ಆಸೆ ಹೆಚ್ಚಾಯಿತು, ಇನ್ನೊಂದು ಚೀರಾಟ ಬೇಕು ಅನ್ನಿಸಿತು. ಸ್ವಂತ ದುಡ್ಡು ಹಾಕಿ, ಸಮುದ್ರದ ಹಾಗೆ ಮಬ್ಬಾಗಿ ಕಾಣಲಿ ಅಂತ ಕೊಳಕ್ಕೆ ಹಾಲು ಸುರಿದು ತೆಗೆದರು.

ಈಗ ನಿಮ್ಮ ಮಗಳ ಸಿನಿಮಾಕ್ಕೆ ಬರೋಣ. ಲ್ಯೂಕಸ್ ಎದುರಿದ್ದ ಕಷ್ಟ ಬೇರೆ ಥರದ್ದು. ಶಾರ್ಕ್ ಅನ್ನು ಮುಚ್ಚಿಟ್ಟು ಹೆದರಿಸಬಹುದು, ಆಕಾಶದ ಯುದ್ಧವನ್ನು ಮುಚ್ಚಿಟ್ಟರೆ ಸಿನಿಮಾನೇ ಇಲ್ಲ. ಆಗಿನ ಬಾಹ್ಯಾಕಾಶ ಸಿನಿಮಾಗಳಲ್ಲಿ ಹಡಗುಗಳು ತೇಲುತ್ತಿದ್ದವು, ಗಾಂಭೀರ್ಯದಿಂದ, ಮೆರವಣಿಗೆಯ ತೇರಿನ ಹಾಗೆ. ಲ್ಯೂಕಸ್‌ಗೆ ಬೇಕಿದ್ದದ್ದು ಎರಡನೇ ಮಹಾಯುದ್ಧದ ವಿಮಾನಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವಂಥ ಓಟ. ಹಳೆಯ ವಿಮಾನ ಕಾಳಗದ ತುಣುಕುಗಳನ್ನೇ ಸೇರಿಸಿ ಅಂಟಿಸಿ, ಇದೇ ಥರ ಬೇಕು ಅಂತ ತಂತ್ರಜ್ಞರಿಗೆ ತೋರಿಸುತ್ತಿದ್ದರು. ಅದನ್ನು ಮಾಡಿಕೊಡುವವರು ಯಾರೂ ಇರಲಿಲ್ಲ. ಹಾಗಾಗಿ 1975ರಲ್ಲಿ ತಾವೇ ಒಂದು ಸಂಸ್ಥೆ ಕಟ್ಟಿದರು, ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್. ಹೆಸರೇನೋ ಭಾರಿ, ಶುರುವಾಗಿದ್ದು ಮಾತ್ರ ಲಾಸ್ ಏಂಜಲೀಸ್ ಹತ್ತಿರದ ವ್ಯಾನ್ ನೈಸ್‌ನ ಒಂದು ಗೋದಾಮಿನಲ್ಲಿ.

ಅಲ್ಲಿ ಜಾನ್ ಡೈಕ್‌ಸ್ಟ್ರಾ ಮತ್ತು ಅವರ ಹುಡುಗರು ಮಾಡಿದ ಉಪಾಯ ಕೇಳಲು ಸರಳ. ಹಡಗಿನ ಮಾದರಿ ನಿಂತಲ್ಲೇ ನಿಲ್ಲುತ್ತದೆ, ಕ್ಯಾಮೆರಾ ಓಡುತ್ತದೆ. ಕ್ಯಾಮೆರಾದ ಪ್ರತಿ ಚಲನೆಯನ್ನೂ ಯಂತ್ರ ನೆನಪಿಟ್ಟುಕೊಂಡು, ಎಷ್ಟು ಸಲ ಬೇಕಾದರೂ ಕೂದಲೆಳೆಯಷ್ಟೂ ತಪ್ಪದೆ ಮತ್ತೆ ಮಾಡುತ್ತದೆ. ಒಂದು ಸಲ ಹಡಗು, ಇನ್ನೊಂದು ಸಲ ಅದರ ದೀಪ, ಮತ್ತೊಂದು ಸಲ ಹಿಂದಿನ ನಕ್ಷತ್ರ. ಬೇರೆ ಬೇರೆ ಫಿಲ್ಮ್‌ಗೆ ತೆಗೆದು ಕೊನೆಗೆ ಒಂದರ ಮೇಲೊಂದು ಕೂರಿಸುವುದು. ಕಂಪ್ಯೂಟರ್‌ನಲ್ಲಿ ಚಿತ್ರ ಬರೆದದ್ದಲ್ಲ ಇದು. ಮಾದರಿ ಮುಟ್ಟಬಹುದಾದದ್ದು, ಬೆಳಕು ನಿಜವಾದದ್ದು. ಈ ಯಂತ್ರ ಸಿದ್ಧವಾಗುವ ಹೊತ್ತಿಗೆ ಅರ್ಧ ದುಡ್ಡು ಖಾಲಿ, ಕೈಯಲ್ಲಿ ಒಪ್ಪುವಂಥ ಶಾಟ್ ಬೆರಳೆಣಿಕೆಯಷ್ಟೂ ಇಲ್ಲ. ಬೇಕಿದ್ದದ್ದು ಮುನ್ನೂರೈವತ್ತಕ್ಕೂ ಹೆಚ್ಚು. ಆ ದಿನಗಳಲ್ಲಿ ಲ್ಯೂಕಸ್‌ಗೆ ಎದೆನೋವು ಕಾಣಿಸಿಕೊಂಡು ಆಸ್ಪತ್ರೆಗೆ ಹೋಗಬೇಕಾಯಿತು.

ಸಿನಿಮಾದ ಮೊದಲ ಶಾಟ್ ನೆನಪಿದೆ ಅಲ್ವಾ? ಒಂದು ಸಣ್ಣ ಹಡಗು ಓಡುತ್ತದೆ. ಅದರ ಹಿಂದೆ ನಮ್ಮ ತಲೆ ಮೇಲಿನಿಂದ ಇನ್ನೊಂದು ಹಡಗು ಬರುತ್ತದೆ, ಬರುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಆ ದೈತ್ಯ ಹಡಗಿನ ಮಾದರಿಯ ಉದ್ದ ಸುಮಾರು ಮೂರು ಅಡಿ. ಊಟದ ಮೇಜಿನ ಮೇಲೆ ಇಡಬಹುದು. ಇದನ್ನು ಹೇಳಿದರೆ ಈಗಲೂ ಹುಡುಗರು ನಂಬುವುದಿಲ್ಲ.

ಆದರೆ ಸ್ಟಾರ್ ವಾರ್ಸ್‌ನ ನಿಜವಾದ ಹೊಸತನ ಈ ಹಡಗುಗಳ ಓಟವೂ ಅಲ್ಲ ಅಂತ ನನ್ನ ಅಭಿಪ್ರಾಯ. ಅದು ಕೊಳೆ. ಅದಕ್ಕೆ ಮೊದಲು ಭವಿಷ್ಯ ಅಂದರೆ ಹೊಳೆಯುವ ಬಿಳಿ ಗೋಡೆ, ಇಸ್ತ್ರಿ ಹಾಕಿದ ಬಟ್ಟೆ. ಲ್ಯೂಕಸ್ ಅದಕ್ಕೆ ಧೂಳು ಹಚ್ಚಿದರು. ಟ್ಯುನೀಸಿಯಾದ ಮರಳಿನಲ್ಲಿ ಶೂಟ್ ಮಾಡಿದ, ಕಥಾನಾಯಕ ಲ್ಯೂಕ್‌ನ ಊರು ನೋಡಿ. ಅವನ ಗಾಡಿ ತಗಡು ಕಿತ್ತುಹೋದ ಹಳೇ ಡಬ್ಬ. ಕಳ್ಳಸಾಗಣೆಗಾರ ಹಾನ್ ಸೋಲೋನ ಹಡಗು ನೋಡಿದ ಕೂಡಲೇ ಲ್ಯೂಕ್ ಗುಜರಿ ಅನ್ನುತ್ತಾನೆ, ನಮ್ಮ ಹಳೇ ಸ್ಕೂಟರ್ ಥರ. ರೋಬೋಟ್‌ಗಳನ್ನು ಗುಜರಿಯವರು ಮಾರಲು ತರುತ್ತಾರೆ, ಚೌಕಾಸಿ ನಡೆಯುತ್ತದೆ. ಈ ಲೋಕ ಸಿನಿಮಾ ಶುರುವಾಗುವುದಕ್ಕೆ ಮೊದಲೇ ಇತ್ತು, ಮುಗಿದ ಮೇಲೂ ಇರುತ್ತದೆ ಅನ್ನುವ ನಂಬಿಕೆ ಹುಟ್ಟುವುದು ಇದರಿಂದಲೇ. ನಿಮ್ಮ ಮಗಳಿಗೆ ಇಷ್ಟವಾಗಿರುವುದು ಬಹುಶಃ ಕಥೆಗಿಂತ ಆ ಲೋಕ. ಅದರೊಳಗೆ ಹೋಗಿ ಇರಬೇಕು ಅನ್ನಿಸುತ್ತದೆ. ಆಮಿಟಿ ದ್ವೀಪದಲ್ಲಿ ಹೋಗಿ ಇರಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ ಬಿಡಿ.

ಎರಡೂ ಒಂದೇ ಮನೆಯ ಮಕ್ಕಳ ಹಾಗೆ ಕಾಣುವುದು ಕಿವಿಯ ವಿಷಯದಲ್ಲಿ. ಜಾನ್ ವಿಲಿಯಮ್ಸ್ ಪಿಯಾನೋದಲ್ಲಿ ಜಾಸ್‌ನ ಎರಡು ಸ್ವರ ನುಡಿಸಿದಾಗ ಸ್ಪೀಲ್‌ಬರ್ಗ್ ತಮಾಷೆ ಮಾಡುತ್ತಿದ್ದಾರೆ ಅಂತ ನಕ್ಕುಬಿಟ್ಟರಂತೆ. ಆದರೆ ಕಾಣದ ಶಾರ್ಕ್‌ಗೆ ದೇಹ ಕೊಟ್ಟಿದ್ದು ಆ ಎರಡು ಸ್ವರ. ನಿಧಾನವಾದರೆ ದೂರ ಇದೆ, ಜೋರಾದರೆ ಹತ್ತಿರ ಬಂತು. ಪಾತ್ರವೇ ತೆರೆಯ ಮೇಲೆ ಇಲ್ಲ, ಆದರೂ ಎಲ್ಲಿದೆ ಅಂತ ನಮಗೆ ಗೊತ್ತು. ಯಕ್ಷಗಾನದಲ್ಲಿ ರಾಕ್ಷಸ ವೇಷ ರಂಗಕ್ಕೆ ಬರುವ ಮೊದಲೇ ಚೆಂಡೆ ಸುದ್ದಿ ಕೊಡುತ್ತದಲ್ಲ, ಆ ಥರ. ಆಮೇಲೆ ಸ್ಪೀಲ್‌ಬರ್ಗ್ ಅವರೇ ವಿಲಿಯಮ್ಸ್ ಹೆಸರನ್ನು ಲ್ಯೂಕಸ್‌ಗೆ ಹೇಳಿದರು. ಅಲ್ಲಿ ವಿಲಿಯಮ್ಸ್ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಇಟ್ಟುಕೊಂಡು ಅಬ್ಬರಿಸಿದರು. ಜಾಸ್‌ನಲ್ಲಿ ಕಾಣದ್ದಕ್ಕೆ ಸಂಗೀತ, ಸ್ಟಾರ್ ವಾರ್ಸ್‌ನಲ್ಲಿ ಕಾಣುವುದೆಲ್ಲ ವಿಚಿತ್ರವಾಗಿರುವುದರಿಂದ ನಮಗೆ ಪರಿಚಯದ ಹಳೇ ಕಾಲದ ವಾದ್ಯವೃಂದ. ಒಬ್ಬರೇ ಸಂಗೀತಗಾರ, ಎರಡು ತದ್ವಿರುದ್ಧ ಕೆಲಸ. ಎರಡಕ್ಕೂ ಆಸ್ಕರ್.

ಸಂಗೀತದ ಜೊತೆಗೆ ಸದ್ದು. ಬೆನ್ ಬರ್ಟ್ ಎಂಬ ಯುವಕ ಟೇಪ್ ರೆಕಾರ್ಡರ್ ಹಿಡಿದು ಊರೆಲ್ಲ ಅಲೆದು ಸ್ಟಾರ್ ವಾರ್ಸ್‌ಗೆ ಸದ್ದು ಕಲೆಹಾಕಿದ. ಬೆಳಕಿನ ಕತ್ತಿಯ ಗುಂಯ್ ಅನ್ನುವ ಸದ್ದು ಹಳೇ ಪ್ರೊಜೆಕ್ಟರ್‌ನ ಮೋಟಾರ್ ಮತ್ತು ಟಿವಿಯ ಗುಂಯ್‌ಗುಡುವಿಕೆ ಸೇರಿ ಆದದ್ದು. ಬಂದೂಕಿನ ಸದ್ದು ರೇಡಿಯೋ ಟವರ್ ಅನ್ನು ಎಳೆದು ಕಟ್ಟಿದ ತಂತಿಗೆ ಸುತ್ತಿಗೆಯಲ್ಲಿ ಹೊಡೆದದ್ದು. ಹಾನ್ ಸೋಲೋನ ಮೈತುಂಬ ಕೂದಲಿರುವ ಜೊತೆಗಾರ ಚ್ಯೂಬಾಕಾನ ಮಾತಿಗೆ ಕರಡಿ. ಖಳನಾಯಕ ಡಾರ್ತ್ ವೇಡರ್‌ನ ಉಸಿರಾಟ ಮುಳುಗುಗಾರರು ಬಾಯಿಗೆ ಇಟ್ಟುಕೊಳ್ಳುವ ಗಾಳಿಯ ಉಪಕರಣದ್ದು. ಜಾಸ್‌ನ ಕೊನೆಯಲ್ಲಿ ಶಾರ್ಕ್ ಸಾಯುವುದು ಯಾವುದರಿಂದ? ಮುಳುಗುಗಾರರ ಗಾಳಿ ಸಿಲಿಂಡರ್ ಸಿಡಿದು. ಕಾಕತಾಳೀಯವೇ ಇರಬಹುದು, ಆದರೆ ನನಗೆ ಇಂಥವು ಇಷ್ಟ.

ಸರಿ, ಹಾಗಾದರೆ ಜಾಸ್‌ಗೆ ನನ್ನ ಓಟು ಯಾಕೆ? ಮನುಷ್ಯರ ಕಾರಣಕ್ಕೆ.

ಜಾಸ್‌ನಲ್ಲಿ ಒಬ್ಬ ಹುಡುಗ ಸಾಯುತ್ತಾನೆ. ಶಾರ್ಕ್ ಇದೆ ಅಂತ ಗೊತ್ತಿದ್ದೂ ಪೊಲೀಸ್ ಮುಖ್ಯಸ್ಥ ಬ್ರೋಡಿ ತೀರ ಮುಚ್ಚಿಸಿರುವುದಿಲ್ಲ, ಮೇಯರ್ ಬಿಟ್ಟಿರುವುದಿಲ್ಲ. ಕೆಲವು ದಿನಗಳ ಮೇಲೆ ಕಪ್ಪು ಬಟ್ಟೆ ತೊಟ್ಟ ಆ ತಾಯಿ ಬಂದು ಎಲ್ಲರ ಎದುರು ಬ್ರೋಡಿಯ ಕೆನ್ನೆಗೆ ಹೊಡೆಯುತ್ತಾಳೆ. ಅವನು ಪ್ರತಿಹೇಳುವುದಿಲ್ಲ. ಮೇಯರ್ ಸಮಾಧಾನ ಮಾಡಲು ಬಂದು, ಅವಳು ಹೇಳಿದ್ದು ತಪ್ಪು ಅನ್ನುತ್ತಾನೆ. ಇಲ್ಲ, ಅವಳು ಹೇಳಿದ್ದು ಸರಿ ಅಂತ ಬ್ರೋಡಿ ಹೊರಟುಹೋಗುತ್ತಾನೆ. ಅದರ ಬೆನ್ನಿಗೇ ಊಟದ ಮೇಜಿನ ದೃಶ್ಯ. ತಲೆ ಕೆಳಗೆ ಹಾಕಿ ಕೂತ ಅಪ್ಪನನ್ನು ಪುಟ್ಟ ಮಗ ಸದ್ದಿಲ್ಲದೆ ಅನುಕರಿಸುತ್ತಾನೆ. ಅಪ್ಪ ಕೈ ಮುಖಕ್ಕೆ ಒತ್ತಿಕೊಂಡರೆ ಮಗನೂ ಒತ್ತಿಕೊಳ್ಳುತ್ತಾನೆ. ಶಾರ್ಕ್ ಸಿನಿಮಾಕ್ಕೆ ಇದು ಬೇಕಿರಲಿಲ್ಲ. ಆದರೆ ಇದು ಇದ್ದುದರಿಂದಲೇ ಆಮೇಲೆ ಬ್ರೋಡಿ ದೋಣಿ ಹತ್ತಿದಾಗ ನಾವೂ ಹತ್ತುತ್ತೇವೆ.

ಈಗ ಸ್ಟಾರ್ ವಾರ್ಸ್ ನೋಡಿ. ರಾಜಕುಮಾರಿ ಲಿಯಾಳ ಕಣ್ಣೆದುರೇ ಅವಳ ಇಡೀ ಗ್ರಹವನ್ನು ಸುಟ್ಟುಬಿಡುತ್ತಾರೆ. ಅಪ್ಪ, ಅಮ್ಮ, ಊರು, ಜನ, ಎಲ್ಲ ಹೋಯಿತು. ಸ್ವಲ್ಪ ಹೊತ್ತಿಗೆ ಅವಳು ಲ್ಯೂಕ್‌ನ ಕುಳ್ಳುತನದ ಬಗ್ಗೆ ಜೋಕ್ ಹೊಡೆಯುತ್ತಿರುತ್ತಾಳೆ. ಆಮೇಲೆ ಮುದುಕ ಓಬಿ-ವಾನ್ ಸತ್ತಿದ್ದಕ್ಕೆ ಲ್ಯೂಕ್ ಅಳುವಾಗ ಅವನ ಹೆಗಲಿಗೆ ಕಂಬಳಿ ಹೊದಿಸಿ ಇವಳೇ ಸಮಾಧಾನ ಮಾಡುತ್ತಾಳೆ! ಅಜ್ಜಿ ಕಥೆಯ ಲೆಕ್ಕದಲ್ಲಿ ಇದು ತಪ್ಪಲ್ಲ, ಒಪ್ಪುತ್ತೇನೆ. ಅಜ್ಜಿ ಕಥೆಗಳಲ್ಲಿ ರಾಕ್ಷಸ ಊರು ನುಂಗಿದ ಮೇಲೆ ಯಾರೂ ಸೂತಕ ಆಚರಿಸುತ್ತಾ ಕೂರುವುದಿಲ್ಲ. ಆದರೂ ತಕ್ಕಡಿ ಹಿಡಿಯಲು ಹೇಳಿದ್ದು ನೀವು. ಒಂದು ಗ್ರಹದ ಸಾವಿಗಿಂತ ಒಬ್ಬ ಹುಡುಗನ ಸಾವು ಭಾರವಾಗಿ ಕಾಣುವ ಸಿನಿಮಾ ನನಗೆ ದೊಡ್ಡದು.

ಮಾತಿನ ವಿಷಯವೂ ಅಷ್ಟೆ. ಸ್ಟಾರ್ ವಾರ್ಸ್‌ನ ಡೈಲಾಗ್‌ಗಳನ್ನು ಟೈಪ್ ಮಾಡಬಹುದು, ಬಾಯಲ್ಲಿ ಹೇಳಲು ಆಗುವುದಿಲ್ಲ ಅಂತ ಹಾನ್ ಸೋಲೋ ಪಾತ್ರದ ಹ್ಯಾರಿಸನ್ ಫೋರ್ಡ್ ಲ್ಯೂಕಸ್ ಹತ್ತಿರವೇ ಗೊಣಗಿದ್ದು ಪ್ರಸಿದ್ಧ. ಓಬಿ-ವಾನ್ ಪಾತ್ರದ ಅಲೆಕ್ ಗಿನ್ನೆಸ್ ಬಾಯಲ್ಲಿ ಮಾತ್ರ ಅವೇ ಮಾತುಗಳು ವೇದದ ಹಾಗೆ ಕೇಳುತ್ತವೆ, ಅದು ನಟನ ದೊಡ್ಡತನ. ಜಾಸ್‌ನಲ್ಲಿ ಜನ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಾರೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಾರೆ. ದೊಡ್ಡ ದೋಣಿ ಬೇಕಾಗುತ್ತದೆ ಅನ್ನುವ ಆ ಹೆಸರಾಂತ ಮಾತು ಚಿತ್ರಕಥೆಯಲ್ಲಿ ಇರಲೇ ಇಲ್ಲ. ಬ್ರೋಡಿ ಪಾತ್ರದ ರಾಯ್ ಶೈಡರ್ ಅಲ್ಲೇ ಸೇರಿಸಿದ್ದು.

ಆಮೇಲೆ ಶಾರ್ಕ್ ಬೇಟೆಗಾರ ಕ್ವಿಂಟ್‌ನ ಕಥೆ. ರಾತ್ರಿ ದೋಣಿಯೊಳಗೆ ಮೂರು ಜನ ಕುಡಿಯುತ್ತಾ ತಮ್ಮ ತಮ್ಮ ಗಾಯದ ಗುರುತು ತೋರಿಸಿ ನಗುತ್ತಿರುತ್ತಾರೆ. ಕ್ವಿಂಟ್ ಪಾತ್ರದ ರಾಬರ್ಟ್ ಶಾ ಇದ್ದಕ್ಕಿದ್ದಂತೆ ಇಂಡಿಯಾನಾಪೊಲಿಸ್ ಯುದ್ಧನೌಕೆಯ ಮಾತು ತೆಗೆಯುತ್ತಾನೆ. ಅಣುಬಾಂಬಿನ ಭಾಗಗಳನ್ನು ತಲುಪಿಸಿ ಹೊರಟ ಹಡಗು ಮುಳುಗಿ, ನೂರಾರು ನಾವಿಕರು ದಿನಗಟ್ಟಲೆ ಶಾರ್ಕ್‌ಗಳ ನಡುವೆ ತೇಲಿದ ಕಥೆ. ಇದು ನಿಜವಾಗಿ ನಡೆದದ್ದು, ಬದುಕಿ ಬಂದವರು 316. ಸಿನಿಮಾದಲ್ಲಿ ಅವನು ಹೇಳುವ ತಾರೀಖು ಜೂನ್ 29, ನಿಜವಾಗಿ ಹಡಗು ಮುಳುಗಿದ್ದು 1945ರ ಜುಲೈ 30ರಂದು. ಸತ್ತವರೆಲ್ಲ ಶಾರ್ಕ್‌ಗೆ ಸಿಕ್ಕಿದವರೂ ಅಲ್ಲ, ಬಿಸಿಲು, ಬಾಯಾರಿಕೆ, ಉಪ್ಪುನೀರು ಬಹಳ ಜನರನ್ನು ಕೊಂದವು. ಇರಲಿ. ಒಬ್ಬ ಮನುಷ್ಯ ಕೂತು ಮಾತಾಡುತ್ತಾನೆ, ಕ್ಯಾಮೆರಾ ಅವನ ಮುಖದ ಮೇಲಿದೆ, ಬೇರೇನೂ ಇಲ್ಲ. ಇಡೀ ಸಿನಿಮಾದಲ್ಲಿ ಅತಿ ಭಯದ ಜಾಗ ಅದು. ಮತ್ತೆ ಅದೇ, ತೋರಿಸದೆ ತೋರಿಸುವುದು.

ಎರಡೂ ತಮ್ಮ ಕಾಲದ ಕೂಸುಗಳು ಅನ್ನುವುದನ್ನೂ ಸ್ವಲ್ಪ ಹೇಳಬೇಕು. ಜಾಸ್ ಶೂಟಿಂಗ್ ನಡೆಯುತ್ತಿದ್ದಾಗಲೇ, 1974ರ ಆಗಸ್ಟ್‌ನಲ್ಲಿ, ವಾಟರ್‌ಗೇಟ್ ಹಗರಣವನ್ನು ಮುಚ್ಚಿಹಾಕಲು ಹೋಗಿ ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ಜುಲೈ 4ರ ಸ್ವಾತಂತ್ರ್ಯ ದಿನದ ವ್ಯಾಪಾರ ಕೆಡಬಾರದು ಅಂತ ಸತ್ಯ ಮುಚ್ಚಿಡುವ, ಲಂಗರಿನ ಚಿತ್ರವಿರುವ ಕೋಟು ತೊಟ್ಟು ನಗುವ ಮೇಯರ್‌ನನ್ನು ಆ ಪ್ರೇಕ್ಷಕರು ಕೂಡಲೇ ಗುರುತು ಹಿಡಿದಿರುತ್ತಾರೆ. ಲ್ಯೂಕಸ್ ತಮ್ಮ ಸಿನಿಮಾದ ದುಷ್ಟ ಸಾಮ್ರಾಜ್ಯದ ಕಲ್ಪನೆಗೆ ವಿಯೆಟ್ನಾಂ ಯುದ್ಧದ ಅಮೆರಿಕವೇ ಒಂದು ಮೂಲ ಅಂದಿದ್ದಾರೆ. ಆದರೆ 1977ರಲ್ಲಿ ನೋಡಿದ ಅಮೆರಿಕನ್ನರು ತಮ್ಮನ್ನು ಸಾಮ್ರಾಜ್ಯದ ಕಡೆ ಇಟ್ಟು ನೋಡಿದರು ಅಂತ ನನಗೆ ಅನ್ನಿಸುವುದಿಲ್ಲ. ಸಂಶಯದ ವರ್ಷಗಳ ನಂತರ ಒಳ್ಳೆಯವರು, ಕೆಟ್ಟವರು ಅಂತ ಗೆರೆ ಎಳೆದ ಕಥೆ ಸಿಕ್ಕಿತು, ಜನ ತೇಲಿಹೋದರು.

ಇನ್ನು ಗಂಭೀರ ಸಿನಿಮಾವನ್ನು ಕೊಂದ ಆರೋಪ. ಅದಕ್ಕೆ ಮೊದಲು ಬಿಡುಗಡೆಯ ಲೆಕ್ಕ ಗೊತ್ತಿರಬೇಕು. ನಮ್ಮಲ್ಲಿ ಹಿಂದೆ ಸಿನಿಮಾ ಮೊದಲು ಬೆಂಗಳೂರಿನ ಕೆಂಪೇಗೌಡ ರಸ್ತೆಗೆ ಬಂದು, ಆಮೇಲೆ ಜಿಲ್ಲೆಗೆ, ಕಡೆಗೆ ಪ್ರಿಂಟ್ ಗೀಚುಗೀಚಾದ ಮೇಲೆ ನಮ್ಮೂರಿನ ಟೆಂಟಿಗೆ ಬರುತ್ತಿತ್ತಲ್ಲ, ಅಮೆರಿಕದಲ್ಲೂ ದೊಡ್ಡ ಸಿನಿಮಾಗಳದ್ದು ಸುಮಾರಾಗಿ ಅದೇ ಪದ್ಧತಿ. ಒಟ್ಟಿಗೇ ಎಲ್ಲ ಕಡೆ ಬಿಟ್ಟರೆ ಸರಕಿನಲ್ಲಿ ಏನೋ ಹುಳುಕಿದೆ, ಸುದ್ದಿ ಹಬ್ಬುವ ಮೊದಲೇ ದುಡ್ಡು ಎತ್ತುತ್ತಿದ್ದಾರೆ ಅಂತ ಜನ ಅನುಮಾನ ಪಡುತ್ತಿದ್ದರು. ಯೂನಿವರ್ಸಲ್ ಕಂಪನಿ ಜಾಸ್ ಅನ್ನು ಅಮೆರಿಕದ 409 ಥಿಯೇಟರ್‌ಗಳಲ್ಲಿ ಒಂದೇ ದಿನ ಹಾಕಿತು, ಕೆನಡಾ ಸೇರಿದರೆ 464. ಅದಕ್ಕೂ ಮೊದಲು ಮೂರು ರಾತ್ರಿ ಟಿವಿಯಲ್ಲಿ ಜನ ಹೆಚ್ಚು ನೋಡುವ ಹೊತ್ತಿಗೇ 30 ಸೆಕೆಂಡಿನ ಜಾಹೀರಾತು ಸುರಿಯಿತು. ಅದಕ್ಕೇ ಸುಮಾರು 7 ಲಕ್ಷ ಡಾಲರ್ ಖರ್ಚು. ಬೇಸಿಗೆ ರಜೆ, ಟಿವಿ ಜಾಹೀರಾತು, ಎಲ್ಲ ಕಡೆ ಒಂದೇ ದಿನ ಬಿಡುಗಡೆ: ಇವತ್ತಿಗೂ ನಡೆಯುತ್ತಿರುವ ಸೂತ್ರ ಇದೇ.

ಸ್ಟಾರ್ ವಾರ್ಸ್ ಕೂಡ ಹಾಗೇ ಬಂತು ಅಂದುಕೊಂಡರೆ ತಪ್ಪು. ಅದು ಶುರುವಾಗಿದ್ದು ಬರೀ 32 ಥಿಯೇಟರ್‌ಗಳಲ್ಲಿ, ಅದೂ ಒಂದು ಬುಧವಾರ. ಥಿಯೇಟರ್ ಮಾಲೀಕರಿಗೆ ಅದು ಬೇಡವಾಗಿತ್ತು. ತಾವು ಕಾಯುತ್ತಿದ್ದ ಬೇರೊಂದು ಸಿನಿಮಾ ಬೇಕಿದ್ದರೆ ಇದನ್ನೂ ಹಾಕಿಕೊಳ್ಳಿ ಅಂತ ಫಾಕ್ಸ್ ಕಂಪನಿ ಗಂಟು ಹಾಕಬೇಕಾಯಿತು. ಲ್ಯೂಕಸ್‌ಗೂ ಭರವಸೆ ಇರಲಿಲ್ಲ. ಬಿಡುಗಡೆಯ ದಿನ ಹಾಲಿವುಡ್‌ನ ಚೈನೀಸ್ ಥಿಯೇಟರ್ ಎದುರಿನ ಹೋಟೆಲ್‌ನಲ್ಲಿ ಊಟಕ್ಕೆ ಕೂತಾಗ ಬೀದಿಯಲ್ಲಿ ಜನಜಂಗುಳಿ ಕಂಡು ಏನಪ್ಪಾ ಇದು ಅಂದುಕೊಂಡರಂತೆ. ಅವರದ್ದೇ ಸಿನಿಮಾದ ಸಾಲು ಅದು. ಜಾಸ್ ಹಬ್ಬಿದ್ದು ಜಾಹೀರಾತಿನ ಬಲದಿಂದಲೂ ಹೌದು, ಸ್ಟಾರ್ ವಾರ್ಸ್ ಹಬ್ಬಿದ್ದು ಹೆಚ್ಚಾಗಿ ಬಾಯಿಂದ ಬಾಯಿಗೆ, ಒಬ್ಬರೇ ನಾಲ್ಕಾರು ಸಲ ನೋಡಿದ್ದರಿಂದ. ಮರುಬಿಡುಗಡೆಗಳನ್ನೂ ಸೇರಿಸಿ ಅಮೆರಿಕ, ಕೆನಡಾಗಳಲ್ಲಿ ಜಾಸ್ ಗಳಿಸಿದ್ದು 26 ಕೋಟಿ ಡಾಲರ್ ಆಸುಪಾಸು, ಸ್ಟಾರ್ ವಾರ್ಸ್ 46 ಕೋಟಿ ಆಸುಪಾಸು.

ಆಟಿಕೆಯ ಕಥೆ ಕೇಳಿಲ್ಲದಿದ್ದರೆ ಕೇಳಿ. ಲ್ಯೂಕಸ್ ನಿರ್ದೇಶನದ ಸಂಬಳ ಜಾಸ್ತಿ ಕೇಳುವ ಬದಲು ಮುಂದಿನ ಭಾಗಗಳ ಮತ್ತು ಆಟಿಕೆ, ಅಂಗಿಗಳಂಥ ಸಾಮಾನಿನ ಹಕ್ಕು ಉಳಿಸಿಕೊಂಡರು. ಕಂಪನಿಗೆ ಅದು ಪುಕ್ಕಟೆ ಕೊಟ್ಟ ಹಾಗೆ ಅನ್ನಿಸಿತ್ತು. 1977ರ ಕ್ರಿಸ್‌ಮಸ್ ಹೊತ್ತಿಗೆ ಕೆನ್ನರ್ ಎಂಬ ಆಟಿಕೆ ಕಂಪನಿ ಬೇಡಿಕೆ ಪೂರೈಸಲಾಗದೆ ಖಾಲಿ ಡಬ್ಬಿ ಮಾರಿತು! ಒಳಗೆ ಒಂದು ಚೀಟಿ, ಬೊಂಬೆ ಆಮೇಲೆ ಕಳಿಸುತ್ತೇವೆ ಅಂತ. ಜನ ಕೊಂಡರು.

ಹಾಗಾದರೆ ಕೊಂದವರು ಯಾರು? ಸ್ಟಾರ್ ವಾರ್ಸ್ ಬಂದ ತಿಂಗಳಿಗೆ ವಿಲಿಯಂ ಫ್ರೀಡ್ಕಿನ್ ಅವರ 'ಸಾರ್ಸರರ್' ಅದೇ ಚೈನೀಸ್ ಥಿಯೇಟರ್‌ಗೆ ಬಂತು. ಬೆವರು, ಕೆಸರು, ಹತಾಶೆಯ ಒಳ್ಳೆಯ ಸಿನಿಮಾ. ಬೇಗನೇ ಅದನ್ನು ಇಳಿಸಿ ಸ್ಟಾರ್ ವಾರ್ಸ್ ಅನ್ನೇ ಮತ್ತೆ ಹಾಕಿದರು. ಆರೋಪ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಗಂಭೀರ ನಿರ್ದೇಶಕರೂ ಕೋಟಿಗಟ್ಟಲೆ ಸುರಿದು ಕೈ ಸುಟ್ಟುಕೊಂಡರು, 1980ರ 'ಹೆವೆನ್ಸ್ ಗೇಟ್' ಒಂದೇ ಸಾಕು. ಇನ್ನೂ ಮುಖ್ಯವಾಗಿ, ಜಾಸ್ ಸ್ವತಃ ಎಪ್ಪತ್ತರ ಗಂಭೀರ ಸಿನಿಮಾದ್ದೇ ಮಗು. ಅದರ ಅರ್ಧ ಭಾಗ ಮೂವರು ಗಂಡಸರು ಒಂದು ಮುರುಕು ದೋಣಿಯಲ್ಲಿ ಜಗಳವಾಡುವುದು. ಸ್ಟುಡಿಯೋಗಳು ಜಾಸ್ ನೋಡಿ ಕಲಿತದ್ದು ಜಾಹೀರಾತನ್ನು. ಕಲಿಯಬೇಕಿದ್ದದ್ದು ಆ ಊಟದ ಮೇಜನ್ನು. ಸ್ಟಾರ್ ವಾರ್ಸ್ ನೋಡಿ ಕಲಿತದ್ದು ಹಡಗನ್ನು, ಕೊಳೆಯನ್ನಲ್ಲ. ತಪ್ಪು ಸಿನಿಮಾಗಳದ್ದಲ್ಲ, ಪಾಠ ಕಲಿತವರದ್ದು.

ಇಬ್ಬರು ಗೆಳೆಯರ ನಡುವೆ ಮಾತ್ರ ನಿಮ್ಮ ಮನೆಯಂಥ ಜಗಳ ಆಗಲಿಲ್ಲ. ಲ್ಯೂಕಸ್ ಸ್ಟಾರ್ ವಾರ್ಸ್ ಓಡುವುದಿಲ್ಲ ಅಂತ ಹೆದರಿ, ಸ್ಪೀಲ್‌ಬರ್ಗ್ ಆಗ ಮಾಡುತ್ತಿದ್ದ 'ಕ್ಲೋಸ್ ಎನ್‌ಕೌಂಟರ್ಸ್' ಚಿತ್ರದ ಲಾಭದಲ್ಲಿ ಎರಡೂವರೆ ಪರ್ಸೆಂಟ್ ತೆಗೆದುಕೊಂಡು ತಮ್ಮದರಲ್ಲಿ ಅಷ್ಟನ್ನೇ ಕೊಟ್ಟರು. ಯಾರಿಗೆ ಲಾಭವಾಯಿತು ಅಂತ ನಿಮಗೇ ಗೊತ್ತು. ಜಾಸ್‌ನ ದಾಖಲೆ ಮುರಿದಾಗ ಸ್ಪೀಲ್‌ಬರ್ಗ್ ಪತ್ರಿಕೆಯಲ್ಲಿ ಅಭಿನಂದನೆಯ ಜಾಹೀರಾತು ಹಾಕಿಸಿದರು: ಪುಟ್ಟ ರೋಬೋಟ್ ಆರ್ಟೂ-ಡೀಟೂ ಗಾಳ ಹಾಕಿ ಶಾರ್ಕ್ ಹಿಡಿದಿರುವ ಚಿತ್ರ.

ಮತ್ತೆ ನೋಡುವಾಗ ಒಂದೆರಡು ಮಾತು ನೆನಪಿಡಿ. ಮಗಳು ನೋಡಿರುವ ಸ್ಟಾರ್ ವಾರ್ಸ್ ಬಹುತೇಕ 1977ರದ್ದಲ್ಲ. 1997ರಲ್ಲಿ ಲ್ಯೂಕಸ್ ಕಂಪ್ಯೂಟರ್ ಚಿತ್ರಗಳನ್ನು ತುರುಕಿ ಹೊಸದು ಮಾಡಿದರು, ಆಮೇಲೂ ಕೈಯಾಡಿಸುತ್ತಲೇ ಇದ್ದರು. ಬೀದಿಯಲ್ಲಿ ಅಡ್ಡ ಬರುವ ದೊಡ್ಡ ಪ್ರಾಣಿಗಳು ಕಂಡರೆ ಅದು ಆಮೇಲೆ ಸೇರಿಸಿದ್ದು. ಹಳೆಯ ಕೊಳೆಯ ಪಕ್ಕದಲ್ಲಿ ಅವು ಎಷ್ಟು ನುಣ್ಣಗೆ ಕಾಣುತ್ತವೆ ಅಂತ ಅವಳಿಗೇ ತೋರಿಸಿ.

ಜಾಸ್ ಹಾಕಿದಾಗ ಅವಳಿಗೆ ಒಂದು ಪರೀಕ್ಷೆ ಕೊಡಿ. ಜುಲೈ 4ರಂದು ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುತ್ತಾರೆ. ಆಗ ಆ ಎರಡು ಸ್ವರ ಬರುವುದಿಲ್ಲ. ಸುಳ್ಳು ಶಾರ್ಕ್‌ಗೆ ಸಂಗೀತವಿಲ್ಲ ಅನ್ನುವ ನಿಯಮ ನಮಗೆ ಗೊತ್ತಿಲ್ಲದೆಯೇ ತಲೆಯಲ್ಲಿ ಕೂರುತ್ತದೆ. ಆಮೇಲೆ ದೋಣಿಯಲ್ಲಿ ಬ್ರೋಡಿ ಗೊಣಗುತ್ತಾ ನೀರಿಗೆ ಮೀನಿನ ಚೂರು ಎಸೆಯುವಾಗ ಅವನ ಬೆನ್ನ ಹಿಂದೆ ಶಾರ್ಕ್ ಮೊದಲ ಸಲ ಬಾಯಿ ತೆರೆದು ಮೇಲೆ ಬರುತ್ತದೆ. ಸಿನಿಮಾ ಮುಗಿದ ಮೇಲೆ ಕೇಳಿ, ಅದು ಮೇಲೆ ಬರುವ ಮೊದಲು ಸಂಗೀತ ಇತ್ತಾ ಅಂತ. ನನ್ನ ತರಗತಿಯಲ್ಲಿ ಕೇಳಿದಾಗೆಲ್ಲ ಹೆಚ್ಚಿನವರು ಇತ್ತು ಅನ್ನುತ್ತಾರೆ. ಇರುವುದಿಲ್ಲ.